ಗೂಗಲ್ ಫ್ಯಾಮಿಲಿ ಲಿಂಕ್: ಬೇಲಿ ಗಟ್ಟಿ, ಕಂಡಿ ಎಲ್ಲೆಲ್ಲಿ?

ಬೆಂಗಳೂರಿನ ಮನೆಗಳಲ್ಲಿ ಮಗುವಿನ ಮೊದಲ ಫೋನ್ ಅಂಗಡಿಯಿಂದ ಬರುವುದು ಕಡಿಮೆ. ಅಪ್ಪನೋ ಅಮ್ಮನೋ ಹೊಸದು ಕೊಂಡಾಗ ಹಳೆಯದು ಮಗುವಿನ ಕೈ ಸೇರುತ್ತದೆ. ಅದರಲ್ಲಿ ಅಪ್ಪನ ಜಿಮೇಲ್ ಹಾಗೇ ಉಳಿದಿರುತ್ತದೆ, ಪ್ಲೇ ಸ್ಟೋರ್‌ಗೆ ಜೋಡಿಸಿದ ಕಾರ್ಡೂ ಹಾಗೇ ಇರುತ್ತದೆ. ಸ್ಕೂಲ್ ವ್ಯಾನ್ ತಡವಾದರೆ ಹೇಳಲಿ, ಟ್ಯೂಷನ್ ಮುಗಿದ ಮೇಲೆ ಒಂದು ಕಾಲ್ ಮಾಡಲಿ ಎಂದು ಕೊಟ್ಟ ಫೋನು ವಾರ ಕಳೆಯುವುದರೊಳಗೆ ಆಟ, ವಿಡಿಯೊ, ಚಾಟ್ ಎಲ್ಲಕ್ಕೂ ಬಾಗಿಲಾಗುತ್ತದೆ. ಆ ಬಾಗಿಲಿಗೆ ಹಾಕಬಹುದಾದ ಉಚಿತ ಬೇಲಿ ಗೂಗಲ್‌ನ ಫ್ಯಾಮಿಲಿ ಲಿಂಕ್, ಪಾಲಕರು ತಮ್ಮ ಫೋನಿನಿಂದಲೇ ಮಗುವಿನ ಫೋನಿಗೆ ಮಿತಿ ಹಾಕುವ ಆ್ಯಪ್. ಈ ವಿಮರ್ಶೆ ಅದರ ಬಗ್ಗೆ, ಜೊತೆಗೆ ಅದು ಕೈಬಿಡುವ ಜಾಗದಲ್ಲಿ ಏನು ಮಾಡಬೇಕು ಎಂಬುದರ ಬಗ್ಗೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಆಂಡ್ರಾಯ್ಡ್ ಫೋನ್ ಇರುವ 8ರಿಂದ 13 ವರ್ಷದ ಮಗುವಿಗೆ ಇದನ್ನು ಹಾಕಲೇಬೇಕು. ಹಣ ಕೊಟ್ಟು ಕೊಳ್ಳುವ ಬಹುತೇಕ ಆ್ಯಪ್‌ಗಳಿಗಿಂತ ಇದು ಮೇಲು. ಆದರೆ ಇದು ಮುಖ್ಯವಾಗಿ ಕಾಯುವುದು ಎರಡನ್ನು: ಯಾವ ಆ್ಯಪ್, ಎಷ್ಟು ಹೊತ್ತು. ಮಗುವಿನ ಜೊತೆ ಯಾರು ಮಾತಾಡುತ್ತಿದ್ದಾರೆ, ಏನು ಮಾತಾಡುತ್ತಿದ್ದಾರೆ ಎಂಬುದು ಇದಕ್ಕೆ ಕಾಣುವುದಿಲ್ಲ. ಮಕ್ಕಳಿಗೆ ಆಗುವ ಅತಿ ದೊಡ್ಡ ಹಾನಿ ಬರುವುದು ಆ ದಾರಿಯಿಂದಲೇ. 5ಕ್ಕೆ ಮೂರೂವರೆ ಅಂಕ.

ಹಾಕುವ ಕ್ರಮ

ಬಹಳ ಮನೆಗಳಲ್ಲಿ ತಪ್ಪು ಮೊದಲ ಹೆಜ್ಜೆಯಲ್ಲೇ ಆಗುತ್ತದೆ. ಅಪ್ಪನ ಖಾತೆ ಆ ಫೋನಿನಲ್ಲಿ ಉಳಿದಿದ್ದರೆ ಮುಂದೆ ಏನು ಮಿತಿ ಹಾಕಿದರೂ ನಿಲ್ಲುವುದಿಲ್ಲ. ಫೋಟೊ, ಕಾಂಟ್ಯಾಕ್ಟ್‌ಗಳನ್ನು ಬೇರೆಡೆ ಉಳಿಸಿಕೊಂಡು, ಹಳೆಯ ಖಾತೆಗಳಿಂದ ಲಾಗ್‌ಔಟ್ ಆಗಿ, ಫೋನನ್ನು ಪೂರ್ತಿ ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಎಲ್ಲ ಅಳಿಸಿ ಹೊಸ ಫೋನಿನ ಸ್ಥಿತಿಗೆ ತನ್ನಿ. ಲಾಗ್‌ಔಟ್ ಆಗದೆ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ ಫೋನ್ ಹಳೆಯ ಜಿಮೇಲ್ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ.

ಎರಡನೆಯ ತಪ್ಪು ಹುಟ್ಟಿದ ವರ್ಷದ್ದು. ಮೊಬೈಲ್ ಅಂಗಡಿಯಲ್ಲೋ ಅಣ್ಣನ ಕೈಯಲ್ಲೋ ಅವಸರಕ್ಕೆ ಮಾಡಿಸಿದ ಜಿಮೇಲ್‌ನಲ್ಲಿ ಯಾವುದೋ ವರ್ಷ ಒತ್ತಿಬಿಟ್ಟಿರುತ್ತಾರೆ. ಗೂಗಲ್‌ನ ಲೆಕ್ಕದಲ್ಲಿ ಆಗ ನಾಲ್ಕನೇ ಕ್ಲಾಸಿನ ಮಗು ದೊಡ್ಡವರ ಸಾಲಿಗೆ ಸೇರುತ್ತದೆ. ಯೂಟ್ಯೂಬ್ ಸಲಹೆ, ಜಾಹೀರಾತು, ಹುಡುಕಾಟ ಎಲ್ಲವೂ ಆ ಲೆಕ್ಕದಲ್ಲೇ ನಡೆಯುತ್ತವೆ. ಇಂಥ ಖಾತೆಯನ್ನು ಸರಿಪಡಿಸುತ್ತಾ ಕೂರುವುದಕ್ಕಿಂತ ನಿಜವಾದ ಹುಟ್ಟುದಿನ ಕೊಟ್ಟು ಹೊಸದು ಮಾಡುವುದೇ ಸುಲಭ. ಇಮೇಲ್ ವಿಳಾಸದಲ್ಲಿ ಪೂರ್ತಿ ಹೆಸರು, ಹುಟ್ಟಿದ ವರ್ಷ, ಶಾಲೆಯ ಹೆಸರು ಮೂರನ್ನೂ ಪೋಣಿಸಬೇಡಿ. ಅಪರಿಚಿತರಿಗೆ ಆ ಒಂದು ಸಾಲೇ ಸಾಕು.

ಈಗ ನಿಮ್ಮ ಫೋನಿನಲ್ಲಿ ಫ್ಯಾಮಿಲಿ ಲಿಂಕ್ ಇಳಿಸಿಕೊಳ್ಳಿ. ನಿಮ್ಮದು ಐಫೋನ್ ಆಗಿದ್ದರೂ ನಡೆಯುತ್ತದೆ, ಮಗುವಿನದು ಮಾತ್ರ ಆಂಡ್ರಾಯ್ಡ್ ಇರಬೇಕು. ನಿಮ್ಮ ಖಾತೆಯಿಂದ ಒಳಹೋಗಿ ಮಗುವನ್ನು ಸೇರಿಸಿ, ಹೊಸ ಖಾತೆ ಮಾಡಿ, ಆಮೇಲೆ ರೀಸೆಟ್ ಆದ ಫೋನಿನಲ್ಲಿ ಆ ಒಂದೇ ಖಾತೆಯಿಂದ ಶುರು ಮಾಡಿ. ವೈಫೈ ಚೆನ್ನಾಗಿದ್ದರೆ ಅರ್ಧ ಗಂಟೆಯ ಕೆಲಸ. ಫ್ಯಾಮಿಲಿ ಗುಂಪಿನಲ್ಲಿ ಒಟ್ಟು 6 ಜನ ಇರಬಹುದು. ಇನ್ನೊಬ್ಬ ಪಾಲಕರನ್ನೂ ಗುಂಪಿಗೆ ಕರೆದು ಅವರಿಗೂ ಪಾಲಕರ ಅಧಿಕಾರ ಕೊಡಿ. ಒಬ್ಬರು ಮೀಟಿಂಗ್‌ನಲ್ಲಿ ಸಿಕ್ಕಿಕೊಂಡಾಗ ಮಗುವಿನ ಕೋರಿಕೆಗೆ ಉತ್ತರಿಸುವವರು ಇನ್ನೊಬ್ಬರು ಬೇಕು. ಇಲ್ಲದಿದ್ದರೆ ಕಾಟ ತಾಳಲಾರದೆ ಎಲ್ಲ ಮಿತಿಯನ್ನೂ ಸಡಿಲಿಸಿಬಿಡುತ್ತೀರಿ.

ಯಾವ ಸ್ವಿಚ್ ಎಲ್ಲಿಡಬೇಕು

ಪ್ಲೇ ಸ್ಟೋರ್‌ನಿಂದ ಶುರು ಮಾಡಿ. ಅನುಮತಿ ಕೇಳುವ ಆಯ್ಕೆಯಲ್ಲಿ ‘ಎಲ್ಲದಕ್ಕೂ’ ಎಂಬುದನ್ನೇ ಇಡಿ. ‘ಹಣ ಕೊಡುವವಕ್ಕೆ ಮಾತ್ರ’ ಎಂದಿಟ್ಟರೆ ಉಚಿತವಾದ ಚಾಟ್ ಆ್ಯಪ್‌ಗಳೆಲ್ಲ ಕೇಳದೆಯೇ ಒಳಬರುತ್ತವೆ. ವಯಸ್ಸಿನ ದರ್ಜೆ 3+, 7+, 12+, 16+, 18+ ಎಂದಿರುತ್ತದೆ. ಹತ್ತು ವರ್ಷದ ಮಗುವಿಗೆ 7+ ಇಟ್ಟು, ಬೇಕಾದ ಒಂದೆರಡು ಆ್ಯಪ್‌ಗಳಿಗೆ ನೀವೇ ಒಪ್ಪಿಗೆ ಕೊಡಿ. ಈ ದರ್ಜೆ ಹೇಳುವುದು ಆ್ಯಪ್‌ನೊಳಗಿನ ಚಿತ್ರ, ಹಿಂಸೆ, ಭಾಷೆಯ ಬಗ್ಗೆ. ಅಲ್ಲಿ ಸಿಗುವ ಜನರ ಬಗ್ಗೆ ಅದಕ್ಕೆ ಗೊತ್ತಿಲ್ಲ. ಚಿತ್ರಗಳೆಲ್ಲ ಮುದ್ದಾಗಿರುವ, ಕಡಿಮೆ ವಯಸ್ಸಿನ ದರ್ಜೆ ಪಡೆದ ಆಟದಲ್ಲೂ ತೆರೆದ ಚಾಟ್ ಇರಬಹುದು. ಇನ್ನೊಂದು ಮಾತು: ಒಮ್ಮೆ ಒಪ್ಪಿಗೆ ಕೊಟ್ಟ ಆ್ಯಪನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಲು ಒಪ್ಪಿಗೆ ಬೇಕಿಲ್ಲ. ಬೇಡವೆನಿಸಿದ್ದನ್ನು ಅಳಿಸಿದರೆ ಸಾಲದು, ಫ್ಯಾಮಿಲಿ ಲಿಂಕ್‌ನಲ್ಲಿ ಬ್ಲಾಕ್ ಮಾಡಬೇಕು.

ಕ್ರೋಮ್‌ನಲ್ಲಿ ಅಶ್ಲೀಲ ತಾಣಗಳನ್ನು ತಡೆಯುವ ಆಯ್ಕೆ ಇದೆ, ನೀವು ಒಪ್ಪಿದ ತಾಣಗಳನ್ನು ಮಾತ್ರ ತೆರೆಯುವ ಇನ್ನೂ ಬಿಗಿಯಾದ ಆಯ್ಕೆಯೂ ಇದೆ. ಒಂಬತ್ತರೊಳಗಿನ ಮಗುವಿಗೆ ಎರಡನೆಯದು ಸರಿ. ಮೇಲಿನ ತರಗತಿಗೆ ಹೋದ ಮೇಲೆ ಪ್ರಾಜೆಕ್ಟ್ ಕೆಲಸಕ್ಕೆ ಅದು ತೊಡಕಾಗುತ್ತದೆ. ಇಂಥ ಖಾತೆಯಲ್ಲಿ ಇನ್‌ಕಾಗ್ನಿಟೊ (ನೋಡಿದ್ದರ ಜಾಡು ಫೋನಿನಲ್ಲಿ ಉಳಿಸದ ಕಿಟಕಿ) ತೆರೆಯುವುದಿಲ್ಲ, ಅದು ಒಳ್ಳೆಯದಾಯಿತು. ಆದರೆ ಈ ಸೋಸುವಿಕೆ ಕ್ರೋಮ್‌ಗಷ್ಟೇ ಸೀಮಿತ. ಸ್ಯಾಮ್‌ಸಂಗ್ ಫೋನಿನಲ್ಲಿ ಸ್ಯಾಮ್‌ಸಂಗ್ ಇಂಟರ್ನೆಟ್, ಶಾಓಮಿಯಲ್ಲಿ ಎಂಐ ಬ್ರೌಸರ್ ಮೊದಲೇ ಬಂದಿರುತ್ತವೆ. ಫೋನಿನ ಜೊತೆಗೇ ಬಂದ ಆ್ಯಪ್‌ಗೆ ಒಪ್ಪಿಗೆಯ ಪ್ರಶ್ನೆ ಏಳುವುದಿಲ್ಲವಾದ್ದರಿಂದ ಮಗು ನೇರವಾಗಿ ಅದನ್ನು ತೆರೆಯಬಹುದು. ಆ್ಯಪ್‌ಗಳ ಪಟ್ಟಿಗೆ ಹೋಗಿ ಅವನ್ನು ಮೊದಲ ದಿನವೇ ಬ್ಲಾಕ್ ಮಾಡಿ.

ಯೂಟ್ಯೂಬ್‌ಗೆ ಎರಡು ದಾರಿ. ಚಿಕ್ಕವರಿಗೆ ಯೂಟ್ಯೂಬ್ ಕಿಡ್ಸ್. ಅದರಲ್ಲಿ 4ರವರೆಗೆ, 5ರಿಂದ 8, 9ರಿಂದ 12 ಎಂದು ಮೂರು ಹಂತಗಳಿವೆ, ನೀವೇ ಆರಿಸಿದ ವಿಡಿಯೊ ಮಾತ್ರ ತೋರಿಸುವ ನಾಲ್ಕನೆಯದೂ ಇದೆ. ಚಿಕ್ಕ ಮಕ್ಕಳಿಗೆ ಆ ನಾಲ್ಕನೆಯದೇ ಮೇಲು. ಕನ್ನಡದ ಶಿಶುಗೀತೆ, ಪಂಚತಂತ್ರದ ಕಥೆಯ ನಾಲ್ಕಾರು ಚಾನೆಲ್ ಆರಿಸಲು ಒಂದು ಸಂಜೆ ಸಾಕು. ಒಂಬತ್ತು ದಾಟಿದವರಿಗೆ ಮಾಮೂಲಿ ಯೂಟ್ಯೂಬ್‌ನ ನಿಗಾ ಖಾತೆ ಇದೆ. ಅದರಲ್ಲಿ ‘ಎಕ್ಸ್‌ಪ್ಲೋರ್’ ಹಂತ ಇಡಿ. ‘ಮೋಸ್ಟ್ ಆಫ್ ಯೂಟ್ಯೂಬ್’ ಎಂಬ ಕೊನೆಯ ಹಂತದ ಹತ್ತಿರ ಹೋಗಬೇಡಿ. ಅಲ್ಲಿ ತಡೆಯುವುದು ವಯಸ್ಸಿನ ಗುರುತು ಬಿದ್ದ ವಿಡಿಯೊಗಳನ್ನಷ್ಟೇ.

ಹೊತ್ತಿನ ಮಿತಿ ಫ್ಯಾಮಿಲಿ ಲಿಂಕ್‌ನ ಅತ್ಯಂತ ಗಟ್ಟಿ ಭಾಗ. ದಿನದ ಮಿತಿಯನ್ನು ವಾರದ ಒಂದೊಂದು ದಿನಕ್ಕೂ ಬೇರೆಯಾಗಿ ಇಡಬಹುದು, ಒಂದೊಂದು ಆ್ಯಪ್‌ಗೂ ಬೇರೆಯಾಗಿ ಇಡಬಹುದು. ಇವೆಲ್ಲಕ್ಕಿಂತ ಮುಖ್ಯ ರಾತ್ರಿಯ ಬೀಗ. ಸಂಜೆ ಕ್ರಿಕೆಟ್ ಆಡಿ ಬಂದು ಒಂದು ಗಂಟೆ ಹೆಚ್ಚು ವಿಡಿಯೊ ನೋಡಿದರೆ ಹೋಮ್‌ವರ್ಕ್ ಹಾಳಾದೀತು, ಅಷ್ಟೇ. ಮನೆ ಮಲಗಿದ ಮೇಲೆ ಹೊದಿಕೆಯೊಳಗೆ ಬೆಳಗುವ ಪರದೆ ಬೇರೆ ಮಾತು. ಅಪರಿಚಿತರ ಜೊತೆಗಿನ ಚಾಟ್ ಉದ್ದವಾಗುವುದು, ಫೋಟೊ ಕೇಳುವುದು ಆ ಹೊತ್ತಿನಲ್ಲಿ. ರಾತ್ರಿ 9ರಿಂದ ಬೆಳಗ್ಗೆ 6.30ರವರೆಗೆ ಬೀಗ ಇಡಿ, ಫೋನ್ ಚಾರ್ಜ್ ಆಗುವುದು ಹಾಲ್‌ನಲ್ಲಿ ಎಂದು ಮನೆಯ ನಿಯಮವನ್ನೂ ಮಾಡಿ. ಬೀಗ ಬಿದ್ದಾಗಲೂ ಮಗು ಬಂದ ಕರೆ ಎತ್ತಬಹುದು, ತುರ್ತು ಕರೆ ಮಾಡಬಹುದು. ನಿಮಗೆ ಕರೆ ಮಾಡಲು ಆಗಬೇಕೆಂದರೆ ಫೋನ್ ಆ್ಯಪನ್ನು ಸದಾ ತೆರೆದಿರುವ ಪಟ್ಟಿಯಲ್ಲಿ ಇಡಿ. ನೆಟ್ ಇಲ್ಲದ ಕಡೆ ಫೋನ್ ಬೀಗ ಬಿದ್ದು ಕುಳಿತರೆ ನಿಮ್ಮ ಆ್ಯಪ್‌ನಲ್ಲಿ ಪಾಲಕರ ಕೋಡ್ ಸಿಗುತ್ತದೆ, ಅದನ್ನು ಬಾಯಲ್ಲಿ ಹೇಳಿದರಾಯಿತು.

ಕೊನೆಯದಾಗಿ, ಸಾಧನದ ಸೆಟ್ಟಿಂಗ್‌ನಲ್ಲಿ ಅಪರಿಚಿತ ಮೂಲದ ಆ್ಯಪ್‌ಗಳನ್ನೂ ಡೆವಲಪರ್ ಆಯ್ಕೆಗಳನ್ನೂ ಮುಚ್ಚಿ. ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯ ಕಳಿಸಿದ ಎಪಿಕೆ ಫೈಲ್‌ನಿಂದ ಆಟ ಹಾಕಿಕೊಳ್ಳುವ ದಾರಿ ಇದರಿಂದ ಮುಚ್ಚುತ್ತದೆ. ಗೂಗಲ್‌ನ ಎಐ ಸಹಾಯಕ ಜೆಮಿನಿಯ ಸ್ವಿಚ್ ಕೂಡ ಫ್ಯಾಮಿಲಿ ಲಿಂಕ್‌ನಲ್ಲೇ ಇದೆ.

ಕಂಡಿಗಳು

ದೊಡ್ಡ ಕಂಡಿ ನಿಮ್ಮದೇ ಫೋನು. ಅಮ್ಮ ಪ್ಯಾಟರ್ನ್ ಎಳೆಯುವುದನ್ನು ದಿನಕ್ಕೆ ಐವತ್ತು ಸಲ ನೋಡುವ ಮಗುವಿಗೆ ಅದು ಬಾಯಿಪಾಠ. ಅಮ್ಮ ಅಡುಗೆಮನೆಯಲ್ಲಿದ್ದಾಗ ತನ್ನ ಕೋರಿಕೆಗೆ ತಾನೇ ಒಪ್ಪಿಗೆ ಒತ್ತಿ, ಬಂದ ನೋಟಿಫಿಕೇಶನ್ ತಳ್ಳಿಬಿಡುತ್ತದೆ. ಪಾಲಕರ ಫೋನಿಗೆ ಆರಂಕಿಯ ಪಿನ್ ಮತ್ತು ಬೆರಳಚ್ಚು ಹಾಕಿ, ಬೆರಳಚ್ಚಿನ ಪಟ್ಟಿಯಲ್ಲಿ ಮಗುವಿನ ಬೆರಳು ಸೇರಿದೆಯೇ ಎಂದು ಒಮ್ಮೆ ನೋಡಿ. ಸೇರಿರುತ್ತದೆ, ಬಹಳ ಮನೆಗಳಲ್ಲಿ.

ಎರಡನೆಯದು ಅಜ್ಜಿಯ ಫೋನು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಧ್ಯಾಹ್ನ ಮೂರರಿಂದ ಏಳರವರೆಗೆ ಮಗು ಅಜ್ಜಿ ತಾತನ ಜೊತೆ ಇರುತ್ತದೆ. ಅಜ್ಜಿಯ ಫೋನಿಗೆ ಲಾಕ್ ಇಲ್ಲ, ಮಿತಿಯಿಲ್ಲ, ಮೊಮ್ಮಗು ಕೇಳಿದರೆ ಇಲ್ಲ ಎನ್ನುವ ಮನಸ್ಸೂ ಇಲ್ಲ. ದೊಡ್ಡವರಾದ ಅಜ್ಜಿಯ ಖಾತೆಗೆ ಫ್ಯಾಮಿಲಿ ಲಿಂಕ್‌ನ ಮಿತಿ ಹಾಕಲಾಗದು. ಆದರೆ ಪ್ಲೇ ಸ್ಟೋರ್ ಸೆಟ್ಟಿಂಗ್‌ನ ಫ್ಯಾಮಿಲಿ ವಿಭಾಗದಲ್ಲಿ ಪಿನ್ ಇಟ್ಟು ವಯಸ್ಸಿನ ದರ್ಜೆ ನಿಗದಿ ಮಾಡಬಹುದು, ಖರೀದಿಗೆ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು, ಯೂಟ್ಯೂಬ್‌ನಲ್ಲಿ ರಿಸ್ಟ್ರಿಕ್ಟೆಡ್ ಮೋಡ್ ಆನ್ ಮಾಡಬಹುದು. ಅಜ್ಜಿಗೆ ಹೀಗೇಕೆ ಎಂದು ತಿಳಿಸಿ ಹೇಳಿ. ಅವರನ್ನು ದೂರುವುದರಿಂದ ಏನೂ ಆಗುವುದಿಲ್ಲ. ಅರ್ಥವಾದರೆ ಮನೆಯಲ್ಲಿ ಅವರಿಗಿಂತ ಒಳ್ಳೆಯ ಕಾವಲು ಇನ್ನೊಂದಿಲ್ಲ. ಕಪಾಟಿನಲ್ಲಿ ಬಿದ್ದಿರುವ ಸಿಮ್ ಇಲ್ಲದ ಹಳೆಯ ಫೋನು, ಹಾಲ್‌ನ ಸ್ಮಾರ್ಟ್ ಟಿವಿ ಕೂಡ ಇದೇ ಲೆಕ್ಕಕ್ಕೆ ಬರುತ್ತವೆ.

ಉಳಿದವು ಸಣ್ಣವು, ಆದರೆ ಮಕ್ಕಳು ಒಬ್ಬರಿಂದೊಬ್ಬರು ಬೇಗ ಕಲಿಯುತ್ತಾರೆ. ಯೂಟ್ಯೂಬ್‌ನ ಹೊತ್ತು ಮುಗಿದ ಮೇಲೆ ಲಿಂಕನ್ನು ವಾಟ್ಸ್‌ಆ್ಯಪ್‌ಗೆ ಕಳಿಸಿಕೊಂಡು ಅಲ್ಲೇ ಪುಟ್ಟ ಕಿಟಕಿಯಲ್ಲಿ ನೋಡುವುದು ಒಂದು. ಫೋನಿನ ಗಡಿಯಾರ ಹಿಂದೆ ತಿರುಗಿಸುವುದು ಇನ್ನೊಂದು. ದಿನಾಂಕ, ಸಮಯ ಸ್ವಯಂಚಾಲಿತ ಇದೆಯೇ ಎಂದು ಆಗಾಗ ನೋಡಿ. ಕೆಲವು ಕಂಪನಿಗಳ ಫೋನಿನಲ್ಲಿ ಸೆಕೆಂಡ್ ಸ್ಪೇಸ್, ಸೆಕ್ಯೂರ್ ಫೋಲ್ಡರ್, ಡ್ಯುಯಲ್ ಆ್ಯಪ್ ಎಂಬ ಹೆಸರಿನಲ್ಲಿ ಫೋನಿನೊಳಗೇ ಇನ್ನೊಂದು ಕೋಣೆ ಇರುತ್ತದೆ, ಅದನ್ನು ಮಗುವಿಗೆ ಕೊಡುವ ಮುಂಚೆಯೇ ಆಫ್ ಮಾಡಿ. ಅಂಥದೇ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸುವುದರಿಂದ ಫ್ಯಾಮಿಲಿ ಲಿಂಕ್ ಮಗುವಿನ ಲೊಕೇಶನ್ ಒಂದು ಗಂಟೆ ಹಳೆಯದು ತೋರಿಸಬಹುದು. ಸಿಲ್ಕ್ ಬೋರ್ಡ್‌ನಲ್ಲಿ ವ್ಯಾನ್ ನಿಂತಿದೆ ಎಂದುಕೊಂಡರೆ ಮಗು ಮನೆಯ ಗೇಟಿನಲ್ಲಿರುತ್ತದೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಫ್ಯಾಮಿಲಿ ಲಿಂಕ್‌ಗೂ ಗೂಗಲ್ ಪ್ಲೇ ಸರ್ವಿಸಸ್‌ಗೂ ನಿರ್ಬಂಧ ತೆಗೆಯಿರಿ.

ಕ್ರೋಮ್ ಹೊರಗಿನ ಸೋರಿಕೆಗೆ ಇನ್ನೊಂದು ಪದರವನ್ನು ಮನೆಯ ರೌಟರ್‌ನಲ್ಲೇ ಹಾಕಬಹುದು, ಇದೂ ಉಚಿತ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ತೆರೆದು, ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ ಕ್ಲೌಡ್‌ಫ್ಲೇರ್‌ನ ಕುಟುಂಬ ಸೇವೆಯ 1.1.1.3 ಮತ್ತು 1.0.0.3 ತುಂಬಿ ಉಳಿಸಿ. ಅಶ್ಲೀಲ ತಾಣ, ಮಾಲ್‌ವೇರ್ ಎರಡನ್ನೂ ಇದು ತಡೆಯುತ್ತದೆ, ಅಜ್ಜಿಯ ಫೋನು ಟಿವಿ ಸೇರಿ ಇಡೀ ಮನೆಗೆ ಅನ್ವಯಿಸುತ್ತದೆ. ಬ್ರಾಡ್‌ಬ್ಯಾಂಡ್ ಕಂಪನಿ ಕೊಟ್ಟ ಪೆಟ್ಟಿಗೆಯಲ್ಲಿ ಡಿಎನ್‌ಎಸ್ ಬದಲಿಸಲು ಬಿಡದಿದ್ದರೆ ಅದರ ಮುಂದೆ ನಿಮ್ಮದೇ ಒಂದು ಸಣ್ಣ ರೌಟರ್ ಇಡಬೇಕಾಗುತ್ತದೆ. ಮೊಬೈಲ್ ಡೇಟಾಗೆ, ಪಕ್ಕದ ಫ್ಲ್ಯಾಟಿನ ವೈಫೈಗೆ ಇದು ಅನ್ವಯಿಸದು. ಮಗುವಿನ ಸಿಮ್‌ಗೆ ಡೇಟಾ ಇಲ್ಲದ, ಕರೆಗಷ್ಟೇ ಇರುವ ಪ್ಯಾಕ್ ಹಾಕಿಸುವುದು ಎಷ್ಟೋ ತಲೆನೋವು ತಪ್ಪಿಸುತ್ತದೆ.

ಆ್ಯಪ್‌ಗೆ ಕಾಣದ ಮನುಷ್ಯ

ಇಷ್ಟೆಲ್ಲ ಹಾಕಿದ ಮೇಲೂ ನೀವು ಒಪ್ಪಿಗೆ ಕೊಟ್ಟ ಆಟದೊಳಗಿನ ಚಾಟ್ ತೆರೆದೇ ಇರುತ್ತದೆ. ಮಕ್ಕಳನ್ನು ಬಲೆಗೆ ಹಾಕುವವರ ನಡೆ ಬಹುಪಾಲು ಒಂದೇ ತರಹ ಇರುತ್ತದೆ. ಆಟದಲ್ಲಿ ಜೊತೆಯಾಗುತ್ತಾರೆ, ಗೆಲ್ಲಿಸುತ್ತಾರೆ. ಫ್ರೀ ಫೈರ್‌ನಲ್ಲಿ ಡೈಮಂಡ್, ರಾಬ್ಲಾಕ್ಸ್‌ನಲ್ಲಿ ರೋಬಕ್ಸ್ ಎಂಬ ಆಟದೊಳಗಿನ ದುಡ್ಡು ಕೊಡಿಸುತ್ತೇನೆ ಎನ್ನುತ್ತಾರೆ. ನಾನೂ ಎಂಟನೇ ಕ್ಲಾಸು, ನಮ್ಮನೆಯಲ್ಲೂ ಬೈತಾರೆ ಎಂದು ನಂಬಿಸುತ್ತಾರೆ. ಆಮೇಲೆ ‘ಇಲ್ಲಿ ಬೇಡ, ಟೆಲಿಗ್ರಾಂಗೆ ಬಾ’, ‘ಸ್ನ್ಯಾಪ್‌ಚಾಟ್ ಐಡಿ ಕೊಡು’. ಆಟದಿಂದ ಬೇರೆ ಆ್ಯಪ್‌ಗೆ ಕರೆಯುವ ಈ ತಿರುವೇ ಮಗುವಿಗೆ ಕಲಿಸಬೇಕಾದ ಮೊದಲ ಅಪಾಯದ ಗುರುತು. ‘ಪಕ್ಕದಲ್ಲಿ ಯಾರಿದ್ದಾರೆ’ ಎನ್ನುವ ಪ್ರಶ್ನೆ ಎರಡನೆಯದು, ‘ಮನೆಯಲ್ಲಿ ಹೇಳಬೇಡ’ ಮೂರನೆಯದು. ಫೋಟೊ ಕೇಳುವುದು, ಸಿಕ್ಕ ಮೇಲೆ ಇನ್ನಷ್ಟು ಬೇಕೆಂದೋ ಹಣ ಬೇಕೆಂದೋ ಹೆದರಿಸುವುದು ಕೊನೆಯ ಹಂತ. ಒಮ್ಮೊಮ್ಮೆ ಇದಕ್ಕೆ ತಿಂಗಳು ಹಿಡಿಯುತ್ತದೆ, ಒಮ್ಮೊಮ್ಮೆ ಒಂದೇ ರಾತ್ರಿ ಸಾಕು.

ಹಾಗಾಗಿ ಒಂದೊಂದು ಆಟದ ಸೆಟ್ಟಿಂಗ್‌ನೊಳಗೂ ನೀವೇ ಹೋಗಬೇಕು. ಧ್ವನಿ ಚಾಟ್ ಆಫ್, ಸಂದೇಶ ಗೆಳೆಯರಿಗೆ ಮಾತ್ರ, ಗೆಳೆತನದ ಕೋರಿಕೆ ಬಂದ್. ರಾಬ್ಲಾಕ್ಸ್‌ನಲ್ಲಿ ಪಾಲಕರ ಖಾತೆಯನ್ನು ಪ್ರತ್ಯೇಕವಾಗಿ ಜೋಡಿಸಬೇಕು, ಫ್ಯಾಮಿಲಿ ಲಿಂಕ್ ಅದನ್ನು ಮಾಡಿಕೊಡುವುದಿಲ್ಲ. ಗೇಮ್‌ನ ಹೆಸರು ಮಗುವಿನ ನಿಜ ಹೆಸರಾಗಿರಬಾರದು, ಪ್ರೊಫೈಲ್ ಚಿತ್ರದಲ್ಲಿ ಸ್ಕೂಲ್ ಯೂನಿಫಾರ್ಮ್ ಕಾಣಬಾರದು.

ವಾಟ್ಸ್‌ಆ್ಯಪ್ ತನ್ನ ಬಳಕೆಗೆ 13 ವರ್ಷದ ಮಿತಿ ಇಟ್ಟಿದೆ. ಆದರೂ ಕ್ಲಾಸ್ ಗ್ರೂಪು, ಟ್ಯೂಷನ್ ಗ್ರೂಪು, ಅಪಾರ್ಟ್‌ಮೆಂಟಿನ ಮಕ್ಕಳ ಗ್ರೂಪು ಎಂದು ಅದಕ್ಕೂ ಮುಂಚೆಯೇ ಬಂದುಬಿಡುತ್ತದೆ. ಸಾಧ್ಯವಾದಷ್ಟು ಕ್ಲಾಸ್ ಗ್ರೂಪ್ ನಿಮ್ಮ ಫೋನಿನಲ್ಲೇ ಇರಲಿ. ಮಗುವಿನ ಫೋನಿನಲ್ಲಿ ಇರಲೇಬೇಕಾದರೆ ಗ್ರೂಪಿಗೆ ಸೇರಿಸುವವರು, ಪ್ರೊಫೈಲ್ ಫೋಟೊ, ಸ್ಟೇಟಸ್ ಮೂರನ್ನೂ ಕಾಂಟ್ಯಾಕ್ಟ್‌ಗಳಿಗಷ್ಟೇ ಇಡಿ, ಅಪರಿಚಿತರ ಕರೆಗಳನ್ನು ಮೌನವಾಗಿಸಿ, ತಿಂಗಳಿಗೊಮ್ಮೆ ಲಿಂಕ್ಡ್ ಡಿವೈಸಸ್ ತೆರೆದು ಗೊತ್ತಿಲ್ಲದ ಕಂಪ್ಯೂಟರ್ ಜೋಡಣೆ ಇದೆಯೇ ನೋಡಿ. ಮಗುವಿನ ಖಾತೆ ಇನ್ನೊಬ್ಬರ ಲ್ಯಾಪ್‌ಟಾಪ್‌ನಲ್ಲಿ ತೆರೆದಿದ್ದರೆ ಅದು ಸಿಕ್ಕಿಬೀಳುವುದು ಆ ಪಟ್ಟಿಯಲ್ಲೇ.

ಇನ್‌ಸ್ಟಾಗ್ರಾಂ 2025ರ ಫೆಬ್ರವರಿಯಲ್ಲಿ ಭಾರತಕ್ಕೆ ಟೀನ್ ಅಕೌಂಟ್ ತಂದಿತು. ಹದಿಹರೆಯದವರ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ಮಗು ಫಾಲೋ ಮಾಡದ ಅಪರಿಚಿತರು ಅದಕ್ಕೆ ಮೆಸೇಜ್ ಮಾಡಲಾಗದು, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಶನ್ ನಿಲ್ಲುತ್ತದೆ, 16ರ ಕೆಳಗಿನವರು ಇದನ್ನು ಸಡಿಲಿಸಲು ಪಾಲಕರ ಒಪ್ಪಿಗೆ ಬೇಕು. ಒಳ್ಳೆಯ ವ್ಯವಸ್ಥೆ. ಆದರೆ ವಯಸ್ಸು ಸುಳ್ಳು ಹೇಳಿ ತೆರೆದ ಖಾತೆಗೆ ಇದಾವುದೂ ಸುಲಭಕ್ಕೆ ಬರುವುದಿಲ್ಲ. ಜಿಮೇಲ್‌ನಲ್ಲಿ ನಿಜ ವರ್ಷ ಕೊಡಿ ಎಂದದ್ದು ಇಲ್ಲಿಗೂ ಅನ್ವಯಿಸುತ್ತದೆ.

ಮಗುವಿನ ಕೈಯಲ್ಲಿ ಐಫೋನ್ ಇದ್ದರೆ ಫ್ಯಾಮಿಲಿ ಲಿಂಕ್ ಕೆಲಸಕ್ಕೆ ಬಾರದು. ಆ್ಯಪಲ್‌ನ ಸ್ಕ್ರೀನ್ ಟೈಮ್ ಮತ್ತು ಫ್ಯಾಮಿಲಿ ಶೇರಿಂಗ್ ಬಳಸಿ. ಅದರಲ್ಲಿರುವ ಕಮ್ಯುನಿಕೇಶನ್ ಸೇಫ್ಟಿ, ಬೆತ್ತಲೆ ಚಿತ್ರ ಬಂದರೆ ಅಥವಾ ಕಳಿಸಹೊರಟರೆ ಫೋನಿನೊಳಗೇ ಗುರುತಿಸಿ ಮಸುಕು ಮಾಡಿ ಮಗುವನ್ನು ಎಚ್ಚರಿಸುತ್ತದೆ. ಈ ಒಂದು ವಿಷಯದಲ್ಲಿ ಅದು ಫ್ಯಾಮಿಲಿ ಲಿಂಕ್‌ಗಿಂತ ಮುಂದೆ.

ಮಗುವಿನ ಎಲ್ಲ ಮೆಸೇಜ್ ಓದಿಸುತ್ತೇವೆ, ಗೊತ್ತಾಗದಂತೆ ಪರದೆ ತೋರಿಸುತ್ತೇವೆ ಎನ್ನುವ ಆ್ಯಪ್‌ಗಳ ಬಗ್ಗೆ ನಮ್ಮ ಮಾತು ನೇರ: ಬೇಡ. ಪ್ಲೇ ಸ್ಟೋರ್ ಹೊರಗಿನಿಂದ ಹಾಕಿಸಿಕೊಂಡು, ಅಪಾಯದ ಆ್ಯಪ್ ಹಿಡಿಯುವ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿಸಿ, ಅಕ್ಸೆಸಿಬಿಲಿಟಿ ಅನುಮತಿ ಕೇಳುವ ಆ್ಯಪ್ ಫೋನಿನ ಎಲ್ಲವನ್ನೂ ನೋಡಬಲ್ಲದು, ನೋಡಿದ್ದನ್ನು ಎಲ್ಲಿಗೋ ಕಳಿಸಬಲ್ಲದು. ಮಗುವಿನ ಖಾಸಗಿ ಫೋಟೊ ಸೋರಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಎರಡನೆಯ ಕಾರಣ ಇನ್ನೂ ಗಟ್ಟಿ. ಕದ್ದು ಓದಿದ್ದು ಒಂದು ದಿನ ಮಗುವಿಗೆ ಗೊತ್ತಾಗುತ್ತದೆ, ಅಂದಿನಿಂದ ಅದು ತೊಂದರೆಯಲ್ಲಿ ನಿಮ್ಮ ಹತ್ತಿರ ಬರುವುದಿಲ್ಲ. ಫ್ಯಾಮಿಲಿ ಲಿಂಕ್ ಮಗುವಿನ ಫೋನಿನಲ್ಲೇ ‘ಪಾಲಕರಿಗೆ ಏನೇನು ಕಾಣುತ್ತದೆ’ ಎಂದು ತೋರಿಸುತ್ತದೆ. ಇದನ್ನು ನಾವು ಅದರ ದೊಡ್ಡ ಗುಣವೆಂದೇ ಎಣಿಸುತ್ತೇವೆ. ಸೆಟ್ಟಿಂಗ್ ಹಾಕುವಾಗ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಒಂದು ಮಾತನ್ನು ಅದಕ್ಕೆ ಬಿಡಿಸಿ ಹೇಳಿ: ಯಾರಾದರೂ ಹೆದರಿಸಿದರೆ ಬಂದು ಹೇಳು, ನಿನ್ನ ಫೋನ್ ಕಿತ್ತುಕೊಳ್ಳುವುದಿಲ್ಲ. ಫೋನ್ ಹೋಗುತ್ತದೆ ಎಂಬ ಭಯಕ್ಕೇ ಮಕ್ಕಳು ಬೆದರಿಕೆಯನ್ನು ಒಬ್ಬರೇ ನುಂಗುತ್ತಾರೆ. ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ.

ಬೇಲಿ ದಾಟಿ ಬಂದಿದ್ದರೆ

ಮಗು ಬಂದು ಹೇಳಿತು, ಅಥವಾ ನಿಮಗೇ ಕಂಡಿತು. ಮೊದಲ ಗಂಟೆಯಲ್ಲಿ ಆಗುವ ತಪ್ಪುಗಳು ಸಾಮಾನ್ಯವಾಗಿ ಇವು: ಸಿಟ್ಟಿನಲ್ಲಿ ಚಾಟ್ ಅಳಿಸುವುದು, ಫೋನ್ ರೀಸೆಟ್ ಮಾಡುವುದು, ಆ ವ್ಯಕ್ತಿಗೆ ಅಪ್ಪನೇ ಬೈದು ಮೆಸೇಜ್ ಹಾಕುವುದು, ಹಣ ಕಳಿಸಿ ಮುಗಿಸಲು ನೋಡುವುದು. ಅಳಿಸಿದರೆ ಸಾಕ್ಷ್ಯ ಹೋಯಿತು. ಬೈದರೆ ಅವನು ಖಾತೆ ಮುಚ್ಚಿ ಮಾಯವಾಗುತ್ತಾನೆ. ಹಣ ಕೊಟ್ಟರೆ ಬೇಡಿಕೆ ಹೆಚ್ಚುತ್ತದೆ, ನಿಲ್ಲುವುದಿಲ್ಲ.

ಮಾಡಬೇಕಾದ್ದು ಹೀಗೆ. ಪ್ರೊಫೈಲ್ ಪುಟ, ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ಫೋನ್ ಸಂಖ್ಯೆ, ಬೆದರಿಕೆಯ ಸಾಲುಗಳು, ದಿನಾಂಕ ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ತೋರಿಸುವ ಹೆಸರನ್ನು ಬದಲಿಸುವುದು ಅವನಿಗೆ ಒಂದು ಕ್ಷಣದ ಕೆಲಸವಾದ್ದರಿಂದ ಲಿಂಕ್ ಮತ್ತು ಯೂಸರ್‌ನೇಮ್ ಮುಖ್ಯ. ಹಣ ಕೇಳಿದ್ದರೆ ಯುಪಿಐ ಐಡಿಯನ್ನೂ ಬರೆದಿಟ್ಟುಕೊಳ್ಳಿ. ಇದಾದ ಮೇಲೆ ಆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ, ನಂತರ ಬ್ಲಾಕ್ ಮಾಡಿ. ಮಗುವಿನ ನಗ್ನ ಚಿತ್ರ ಇದ್ದರೆ ಅದರ ಪ್ರತಿ ತೆಗೆಯಬೇಡಿ, ಚಿಕ್ಕಪ್ಪನಿಗೋ ಪರಿಚಯದ ಲಾಯರ್‌ಗೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಇಂಥ ಚಿತ್ರವನ್ನು ಹಂಚುವುದು ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಇದೆ. ಇಟ್ಟುಕೊಳ್ಳುವುದೂ ನೋಡುವುದೂ ಅಪರಾಧದ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಫೋನನ್ನು ಇದ್ದ ಹಾಗೇ ಏರೋಪ್ಲೇನ್ ಮೋಡ್‌ಗೆ ಹಾಕಿ ಪೊಲೀಸರ ಕೈಗೆ ಕೊಡುವುದು ಸರಿಯಾದ ದಾರಿ.

ಚಿತ್ರ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಅಮೆರಿಕದ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ ನಡೆಸುವ ಇದನ್ನು ಭಾರತದಿಂದಲೂ ಬಳಸಬಹುದು. ಚಿತ್ರ ಫೋನಿನಿಂದ ಹೊರಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಕೇತ ಫೋನಿನಲ್ಲೇ ತಯಾರಾಗಿ ಅದಷ್ಟೇ ಹೋಗುತ್ತದೆ, ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ತಾಣಗಳು ಅದನ್ನು ಹೋಲಿಸಿ ತೆಗೆಯುತ್ತವೆ. ಕೊನೆಯಿಂದ ಕೊನೆಗೆ ಗೂಢಲಿಪಿಯಲ್ಲಿರುವ ವಾಟ್ಸ್‌ಆ್ಯಪ್ ಸಂದೇಶಗಳಿಗೆ ಇದು ಮುಟ್ಟದು. ಫೋನನ್ನು ಪೊಲೀಸರಿಗೆ ಒಪ್ಪಿಸುವ ಮುಂಚೆ ಈ ಕೆಲಸ ಮುಗಿಸಿ.

ಕರೆ ಮಾಡಬೇಕಾದ ಮೊದಲ ಸಂಖ್ಯೆ 1098, ಮಕ್ಕಳ ಸಹಾಯವಾಣಿ, ದಿನದ 24 ಗಂಟೆ, ಉಚಿತ. ಮಗು ತಾನೇ ಕರೆ ಮಾಡಬಹುದು. ಆ ಸಂಖ್ಯೆಯನ್ನು ಅದರ ಫೋನಿನಲ್ಲಿ ಇಂದೇ ಉಳಿಸಿಡಿ. ಜೀವಕ್ಕೆ ಅಪಾಯ ಎನಿಸಿದರೆ 112. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ದುಡ್ಡು ಮುಂದಿನ ಖಾತೆಗೆ ಜಾರುವ ಮುಂಚೆ ತಡೆಹಿಡಿಯಲು ಆಗುವುದು ಆರಂಭದ ಗಂಟೆಗಳಲ್ಲಿ. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಪ್ರತ್ಯೇಕ ವಿಭಾಗವಿದೆ. ಹೆಸರು ಹೇಳದೆ ದೂರು ಕೊಡುವ ಆಯ್ಕೆ ಅಲ್ಲಿದೆಯಾದರೂ ನಿಮ್ಮದೇ ಮಗುವಿನ ವಿಷಯವಾದರೆ ಜಾಡು ಹಿಡಿಯಬಹುದಾದ ದೂರನ್ನೇ ಕೊಟ್ಟು ಬಂದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಬೆಂಗಳೂರಿನಲ್ಲಿ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗಳಿವೆ, ಸೈಬರ್ ಪ್ರಕರಣಗಳನ್ನು ನೋಡುವುದು ಅವರು. ಅದು ದೂರವಾದರೆ ಹತ್ತಿರದ ಮಾಮೂಲಿ ಠಾಣೆಗೇ ಹೋಗಿ. ನಮ್ಮ ಸರಹದ್ದಲ್ಲ ಎಂದು ಕಳಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿಕೊಳ್ಳಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿದೆ. 18ರ ಕೆಳಗಿನ ಮಗುವಿನ ಮೇಲಿನ ಲೈಂಗಿಕ ಅಪರಾಧ 2012ರ ಪೋಕ್ಸೊ ಕಾಯ್ದೆಯಡಿ ಬರುತ್ತದೆ. ಅದರ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ, ಮಗುವಿನ ಹೆಸರು, ಶಾಲೆ, ವಿಳಾಸ ಎಲ್ಲೂ ಬಯಲಾಗುವಂತಿಲ್ಲ. ಇದೇ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಹೆಸರು ಕೆಡುತ್ತದೆ, ಒಳಗೇ ಸರಿಮಾಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಠಾಣೆಗೆ ಹೋಗುವಾಗ ಫೋನ್, ಚಾರ್ಜರ್, ಫೋನಿನ ಪಿನ್, ಸ್ಕ್ರೀನ್‌ಶಾಟ್‌ಗಳ ಪ್ರಿಂಟ್, ಮಗುವಿನ ವಯಸ್ಸಿನ ದಾಖಲೆ, ನಡೆದದ್ದನ್ನು ತಾರೀಖಿನ ಪ್ರಕಾರ ಬರೆದ ಒಂದು ಪುಟ ಇಟ್ಟುಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ. ಮಗು ನಿದ್ದೆ ಬಿಟ್ಟರೆ, ಶಾಲೆಗೆ ಹೋಗಲು ಹೆದರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಫೋನ್ ಬಿಟ್ಟಿರಲಾರದ ಹಂತ ತಲುಪಿದ ಮಕ್ಕಳಿಗೆ ನಿಮ್ಹಾನ್ಸ್ 2014ರಿಂದ ಶಟ್ ಎಂಬ ಪ್ರತ್ಯೇಕ ಕ್ಲಿನಿಕ್ ನಡೆಸುತ್ತಿದೆ; ಹೋಗುವ ಮುಂಚೆ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ಮಗುವಿಗೆ 13 ತುಂಬುವ ಹೊತ್ತಿಗೆ ಖಾತೆಯ ಮುಂದಿನ ಉಸ್ತುವಾರಿಯ ಬಗ್ಗೆ ಗೂಗಲ್‌ನಿಂದ ಒಂದು ಇಮೇಲ್ ಬರುತ್ತದೆ. ಅದನ್ನು ಪ್ರೊಮೋಷನ್ ಎಂದುಕೊಂಡು ಅಳಿಸದೆ, ಮಗುವಿನ ಜೊತೆ ಕೂತು ಓದಿ, ಯಾವ ಮಿತಿ ಇರಲಿ, ಯಾವುದು ಹೋಗಲಿ ಎಂದು ಅಂದೇ ತೀರ್ಮಾನಿಸಿ.